ಕರುಳಿನ ಕ್ಯಾನ್ಸರ್ ಆಪರೇಷನ್ ಆಯಿತು, ಇನ್ನು ಯಾವ ಟೆಸ್ಟು? ಮೈಕ್ರೋ ಆರ್‌ಎನ್‌ಎಯಿಂದ ಹಿಡಿದು ಹಳೆಯ ಸಿಇಎವರೆಗೆ

ಕಳೆದ ಮಳೆಗಾಲದಿಂದ ಈಚೆಗೆ ಮೂರು ಮನೆಯವರು ಒಂದೇ ಪ್ರಶ್ನೆ ಹಿಡಿದುಕೊಂಡು ನಮ್ಮ ಲ್ಯಾಬಿನ ಕೌಂಟರಿಗೆ ಬಂದಿದ್ದಾರೆ. ಮೂವರ ಕೈಯಲ್ಲೂ ಮಂಗಳೂರಿನ ಆಸ್ಪತ್ರೆಯ ದಪ್ಪ ಫೈಲು, ಮೊಬೈಲಿನಲ್ಲಿ ಯಾರೋ ಕಳಿಸಿದ ಒಂದು ಪಿಡಿಎಫ್. ದೊಡ್ಡ ಕರುಳಿನ ಗಡ್ಡೆ ತೆಗೆದಾಗಿದೆ. ಡಾಕ್ಟ್ರು ‘ಎರಡನೇ ಸ್ಟೇಜು, ಕೀಮೋ ಕೊಡಬಹುದು, ಕೊಡದೆಯೂ ನೋಡಬಹುದು’ ಎಂದಿದ್ದಾರೆ. ಈ ಒಂದು ಮಾತು ಮನೆಯವರ ನಿದ್ದೆ ಕೆಡಿಸಿದೆ. ಬೆಂಗಳೂರಿನಲ್ಲಿರುವ ಮಗನೋ ಅಳಿಯನೋ ಇಂಟರ್ನೆಟ್ ಜಾಲಾಡಿ, ‘ಮೈಕ್ರೋ ಆರ್‌ಎನ್‌ಎ ಅಂತ ಒಂದು ಟೆಸ್ಟ್ ಉಂಟಂತೆ, ರೋಗ ತಿರುಗಿ ಬರ್ತದೋ ಇಲ್ವೋ ಮೊದಲೇ ಗೊತ್ತಾಗ್ತದಂತೆ’ ಎಂದು ಹೇಳಿದ್ದಾನೆ. ‘ಅಕ್ಕ, ಅದು ನಿಮ್ಮಲ್ಲಿ ಮಾಡ್ತೀರಾ?’

ಮಾಡುವುದಿಲ್ಲ. ಆದರೆ ‘ಇಲ್ಲ’ ಎಂದು ಹೇಳಿ ಕಳಿಸಿದರೆ ಅವರು ಇನ್ನೊಂದು ಕೌಂಟರಿಗೆ ಹೋಗುತ್ತಾರೆ, ಅಲ್ಲಿ ಯಾರಾದರೂ ‘ಹೌದು’ ಎಂದರೆ ದುಡ್ಡು ಕೊಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ಕೇರಳದ ಗಡಿಜಿಲ್ಲೆ ಕಾಸರಗೋಡಿನ ಕುಂಬಳೆ–ಬದಿಯಡ್ಕ ಕಡೆ ಹತ್ತೊಂಬತ್ತು ವರ್ಷದಿಂದ ಲ್ಯಾಬ್ ಟೆಕ್ನಿಶಿಯನ್. ರಕ್ತ ತೆಗೆದು ಟ್ಯೂಬಿಗೆ ಹಾಕಿ, ಕೂಲ್ ಬಾಕ್ಸಿನಲ್ಲಿಟ್ಟು ಮಂಗಳೂರಿಗೋ ಬೆಂಗಳೂರಿಗೋ ಕಳಿಸುವುದು ನನ್ನ ಕೆಲಸ. ಸ್ಯಾಂಪಲ್ ಎಲ್ಲಿ ಕೆಡುತ್ತದೆ, ರಿಪೋರ್ಟಿನ ಯಾವ ಸಾಲು ಯಾರೂ ಓದದೆ ಉಳಿಯುತ್ತದೆ ಎಂಬುದು ಗೊತ್ತುಂಟು. ಅದಕ್ಕಿಂತ ಹೆಚ್ಚಾಗಿ, ಮೂರು ವರ್ಷದ ಹಿಂದೆ ನನ್ನ ಅಕ್ಕನ ಗಂಡ, ಭಾವನಿಗೇ ಈ ಆಪರೇಷನ್ ಆಯಿತು. ಇವೇ ಟೆಸ್ಟುಗಳ ಪಟ್ಟಿ ಅವರ ಚಾವಡಿಯಲ್ಲಿ ಎರಡು ವಾರ ಹರಡಿಕೊಂಡಿತ್ತು.

ಮೊದಲು ಅಳತೆಗೋಲು

ಅಡಿಕೆ ತೋಟ ಇರುವವರಿಗೆ ಇದನ್ನು ಹೇಳುವುದು ಸುಲಭ. ಆಟಿ ತಿಂಗಳಲ್ಲಿ ಮಳೆ ಬಿಡದೆ ಹಿಡಿದರೆ ಮಹಾಳಿ (ಅಡಿಕೆ ಕಾಯಿ ಕೊಳೆತು ಉದುರುವ ರೋಗ) ಬರುತ್ತದೆ ಎಂದು ಆಕಾಶ ನೋಡಿಯೇ ಹೇಳಬಹುದು. ಅದು ಮುನ್ಸೂಚನೆ. ತುತ್ತು–ಸುಣ್ಣದ ಮದ್ದು ಬಿಟ್ಟರೆ ಈ ತೋಟದಲ್ಲಿ ಮಹಾಳಿ ನಿಲ್ಲುತ್ತದೋ ಎಂಬುದು ಬೇರೆಯೇ ಪ್ರಶ್ನೆ. ಕ್ಯಾನ್ಸರಿನ ಟೆಸ್ಟುಗಳೂ ಹೀಗೆ ಎರಡು ಜಾತಿ. ಕೆಲವು ‘ರೋಗ ಮರಳಿ ಬರುವ ಸಾಧ್ಯತೆ ಎಷ್ಟು’ ಎನ್ನುತ್ತವೆ, ಕೆಲವು ‘ಈ ಮದ್ದು ಈ ಗಡ್ಡೆಗೆ ನಾಟುತ್ತದೋ’ ಎನ್ನುತ್ತವೆ. ಒಂದನ್ನು ಕೇಳಿ ಇನ್ನೊಂದರ ಉತ್ತರ ಸಿಕ್ಕಿತು ಎಂದುಕೊಳ್ಳುವುದೇ ದುಡ್ಡು ಪೋಲಾಗುವ ಮೊದಲ ದಾರಿ.

ಹಾಗಾಗಿ ನನ್ನ ಮೊದಲ ಅಳತೆ: ಉತ್ತರ ಬಂದ ಮೇಲೆ ನೀವು ಮಾಡುವ ಕೆಲಸ ಬದಲಾಗುತ್ತದೋ? ‘ಅಪಾಯ ಹೆಚ್ಚು’ ಎಂದು ಬಂದರೂ ‘ಕಡಿಮೆ’ ಎಂದು ಬಂದರೂ ಡಾಕ್ಟ್ರು ಕೊಡುವ ಮದ್ದು ಒಂದೇ ಆಗಿದ್ದರೆ ಆ ಟೆಸ್ಟು ಜಾತಕ ತೋರಿಸಿದ ಹಾಗೆ. ಎರಡನೆಯದು, ಬೇರೆ ಬೇರೆ ಊರಿನ, ಬೇರೆ ಬೇರೆ ಲ್ಯಾಬಿನವರು ಮಾಡಿದಾಗಲೂ ಅದೇ ಉತ್ತರ ಬರುತ್ತದೋ? ಮೂರನೆಯದನ್ನು ಪುಸ್ತಕದಲ್ಲಿ ಬರೆಯುವುದಿಲ್ಲ, ನಮಗೆ ಮಾತ್ರ ತಾಗುವಂಥದ್ದು: ಸ್ಯಾಂಪಲ್ ನಮ್ಮ ರಸ್ತೆ, ನಮ್ಮ ಸೆಕೆ, ನಮ್ಮ ಗಡಿ ದಾಟಿ ಸರಿಯಾಗಿ ತಲುಪುತ್ತದೋ? ದುಡ್ಡು ಮತ್ತು ಕಾರ್ಡಿನದು ನಾಲ್ಕನೆಯದು. ಐದನೆಯದು ದಿನಗಳ ಲೆಕ್ಕ. ಕೀಮೋ ಬೇಕೆಂದಾದರೆ ಆಪರೇಷನ್ ಆಗಿ ಆರರಿಂದ ಎಂಟು ವಾರದೊಳಗೆ ಶುರುವಾಗಬೇಕು. ಎರಡು ತಿಂಗಳು ಕಾಯಿಸುವ ಟೆಸ್ಟು ಎಷ್ಟೇ ಒಳ್ಳೆಯದಾದರೂ ಬಸ್ಸು ಹೋದ ಮೇಲೆ ಸಿಕ್ಕ ಟಿಕೇಟು.

ಕೀಮೋ ಬೇಕೋ ಬೇಡವೋ ಎಂಬ ಗೊಂದಲ ಯಾಕೆ ಹುಟ್ಟಿತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡನೇ ಸ್ಟೇಜಿನಲ್ಲಿ ಹೆಚ್ಚಿನವರು ಆಪರೇಷನ್ನಿನಿಂದಲೇ ಗುಣವಾಗುತ್ತಾರೆ. ಬ್ರಿಟನ್ನಿನ ಕ್ವಾಸಾರ್ ಎಂಬ ದೊಡ್ಡ ಪ್ರಯೋಗ 2007ರಲ್ಲಿ ಹೇಳಿದ ಲೆಕ್ಕದಂತೆ, ಕೀಮೋ ಕೊಟ್ಟರೆ ಬದುಕುಳಿಯುವವರ ಪ್ರಮಾಣ ಶೇಕಡಾ 3.6ರಷ್ಟು ಹೆಚ್ಚಬಹುದು. ಅಂದರೆ ನೂರು ಮಂದಿಗೆ ಮದ್ದು ಕೊಟ್ಟರೆ ಮೂರೋ ನಾಲ್ಕೋ ಮಂದಿಗೆ ಲಾಭ, ಉಳಿದವರಿಗೆ ಬರೀ ಕಷ್ಟ. ಆ ಮೂರು–ನಾಲ್ಕು ಮಂದಿ ಯಾರು ಎಂದು ಮೊದಲೇ ಗುರುತಿಸಲಿಕ್ಕೇ ಈ ಎಲ್ಲ ಟೆಸ್ಟುಗಳ ಹುಡುಕಾಟ.

ದುಡ್ಡು ಕೊಡದೆ ಸಿಕ್ಕಿರುವ ಟೆಸ್ಟು

ಹೊಸ ಟೆಸ್ಟಿನ ಮಾತು ಎತ್ತುವ ಮೊದಲು ಕೈಯಲ್ಲಿರುವ ಬಯಾಪ್ಸಿ ರಿಪೋರ್ಟನ್ನು ತೆರೆಯಿರಿ. ತೆಗೆದ ಕರುಳಿನ ಜೊತೆ ಎಷ್ಟು ಲಿಂಫ್ ನೋಡ್ (ಕರುಳಿನ ಪಕ್ಕದ ಕೊಬ್ಬಿನಲ್ಲಿರುವ ಸಣ್ಣ ಗ್ರಂಥಿ) ಪರೀಕ್ಷಿಸಿದ್ದಾರೆ ಎಂಬ ಸಾಲು ಹುಡುಕಿ. ಕಡಿಮೆಯೆಂದರೆ 12 ಇರಬೇಕು. ನೋಡಿಗೆ ರೋಗ ಹಿಡಿದಿದ್ದರೆ ಮೂರನೇ ಸ್ಟೇಜು, ಹಿಡಿಯದಿದ್ದರೆ ಎರಡನೆಯದು. ಕಡಿಮೆ ನೋಡಿದರೆ, ರೋಗ ಇರುವ ನೋಡ್ ಕಣ್ತಪ್ಪಿ ಮೂರನೇ ಸ್ಟೇಜು ಎರಡನೆಯದಾಗಿ ಕಾಣುವ ಅಪಾಯ ಉಂಟು.

ಭಾವನ ರಿಪೋರ್ಟಿನಲ್ಲಿ 9 ಎಂದಿತ್ತು. ನಾನು ಓದಿದ್ದು ಡಿಸ್ಚಾರ್ಜ್ ಆಗಿ ನಾಲ್ಕು ದಿನ ಕಳೆದ ಮೇಲೆ, ಅಕ್ಕನ ಅಡುಗೆಮನೆಯಲ್ಲಿ ನಿಂತುಕೊಂಡು. ಆಸ್ಪತ್ರೆಯ ಪೆಥಾಲಜಿಗೆ ಫೋನು ಮಾಡಿದರೆ ಮೊದಲ ಎರಡು ಸಲ ‘ರಿಪೋರ್ಟ್ ಫೈನಲ್ ಆಗಿದೆ’ ಎಂದರು. ಮೂರನೇ ಸಲ ಸರ್ಜನ್ ಕಡೆಯಿಂದಲೇ ಹೇಳಿಸಿದೆವು. ಕರುಳಿನ ತುಂಡು ಇನ್ನೂ ಫಾರ್ಮಲಿನ್ ಡಬ್ಬಿಯಲ್ಲಿತ್ತು. ಅದರ ಕೊಬ್ಬನ್ನು ಮತ್ತೆ ಬೆರಳಿನಲ್ಲಿ ಹಿಸುಕಿ ಹಿಸುಕಿ ಹುಡುಕಿದಾಗ ಐದು ನೋಡ್ ಸಿಕ್ಕಿದವು. ಒಟ್ಟು 14, ಎಲ್ಲದರಲ್ಲೂ ರೋಗ ಇಲ್ಲ. ಈ ಐದು ಚೂರು ಕೊಟ್ಟ ಧೈರ್ಯವನ್ನು ಲಕ್ಷ ರೂಪಾಯಿಯ ಟೆಸ್ಟೂ ಕೊಡುತ್ತಿರಲಿಲ್ಲ. ಡಬ್ಬಿಯನ್ನು ಕೆಲವು ವಾರದ ಮೇಲೆ ಎಸೆಯುತ್ತಾರೆ. ಕೇಳುವುದಾದರೆ ಬೇಗ ಕೇಳಿ.

ಅದೇ ಹಾಳೆಯಲ್ಲಿ ಇನ್ನೂ ನೋಡಬೇಕಾದದ್ದು: ಗಡ್ಡೆ ಕರುಳಿನ ಹೊರಪದರ ದಾಟಿದೆಯೋ (ಟಿ4 ಎಂದಿರುತ್ತದೆ), ಕರುಳು ಕಟ್ಟಿಕೊಂಡೋ ತೂತಾಗಿಯೋ ತುರ್ತಾಗಿ ಆಪರೇಷನ್ ಆದದ್ದೋ, ರಕ್ತನಾಳ ಅಥವಾ ನರದ ಸುತ್ತ ಕ್ಯಾನ್ಸರ್ ಕಣ ಕಂಡಿದೆಯೋ, ಗಡ್ಡೆಯ ಸ್ವಭಾವ ಕೆಟ್ಟದ್ದೋ. ಇವುಗಳಲ್ಲಿ ಯಾವುದಾದರೂ ಇದ್ದರೆ ‘ಹೈ ರಿಸ್ಕ್ ಎರಡನೇ ಸ್ಟೇಜ್’ ಎನ್ನುತ್ತಾರೆ, ಕೀಮೋ ಕಡೆಗೆ ತಕ್ಕಡಿ ವಾಲುತ್ತದೆ. ನನ್ನ ಐದು ಅಳತೆಗೂ ಪಾಸಾಗುವ ಟೆಸ್ಟು ಇದೊಂದೇ.

ಎಂಎಂಆರ್: ಬಿಡಲೇಬಾರದ್ದು

ನಮ್ಮ ಕಣಗಳಲ್ಲಿ ಡಿಎನ್‌ಎ ನಕಲು ಮಾಡುವಾಗ ಆಗುವ ತಪ್ಪನ್ನು ತಿದ್ದುವ (ಮಿಸ್‌ಮ್ಯಾಚ್ ರಿಪೇರ್, ಚಿಕ್ಕದಾಗಿ ಎಂಎಂಆರ್) ನಾಲ್ಕು ಪ್ರೋಟೀನುಗಳಿವೆ: ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2. ಗಡ್ಡೆಯ ಚೂರಿಗೆ ಬಣ್ಣ ಹಾಕಿ ಈ ನಾಲ್ಕೂ ಇವೆಯೋ ಎಂದು ನೋಡುತ್ತಾರೆ. ಕರುಳಿನ ಕ್ಯಾನ್ಸರಿನಲ್ಲಿ 100ಕ್ಕೆ ಸುಮಾರು 15 ಗಡ್ಡೆಗಳಲ್ಲಿ ಯಾವುದಾದರೊಂದು ಕಾಣೆಯಾಗಿರುತ್ತದೆ ಅಥವಾ ಕೆಲಸ ಮಾಡುವುದಿಲ್ಲ.

ಎರಡನೇ ಸ್ಟೇಜಿನವರಿಗೆ ಕಾಣೆಯಾಗಿದ್ದರೆ ಅದು ಒಳ್ಳೆಯ ಸುದ್ದಿ. ರೋಗ ಮರಳುವ ಸಾಧ್ಯತೆ ಕಡಿಮೆ, ಜೊತೆಗೆ 5-ಎಫ್‌ಯು ಜಾತಿಯ ಕೀಮೋ ಮದ್ದು ಒಂದನ್ನೇ ಕೊಟ್ಟು ಲಾಭ ಇಲ್ಲ. ಅಂದರೆ ಮಹಾಳಿಯ ಪ್ರಶ್ನೆಗೂ ಮದ್ದಿನ ಪ್ರಶ್ನೆಗೂ ಒಂದೇ ಉತ್ತರಪತ್ರಿಕೆ. ನಾಲ್ಕನೇ ಸ್ಟೇಜಿನವರಿಗಾದರೆ (ರೋಗ ಬೇರೆ ಅಂಗಕ್ಕೆ ಹರಡಿದವರಿಗೆ) ಪೆಂಬ್ರೊಲಿಜುಮಾಬ್‌ನಂಥ ಇಮ್ಯುನೋಥೆರಪಿಯ ಬಾಗಿಲು ಇದರಿಂದ ತೆರೆಯುತ್ತದೆ. ಮೂರನೆಯ ಲಾಭ ಮನೆಮಂದಿಗೆ. ಕೆಲವು ಕುಟುಂಬಗಳಲ್ಲಿ ಈ ದೋಷ ಹುಟ್ಟಿನಿಂದಲೇ ಬರುತ್ತದೆ, ಅದಕ್ಕೆ ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ. ಹಾಗೆಂದು ಖಚಿತವಾದರೆ, ಅದೇ ದೋಷ ಹೊತ್ತ ಮಕ್ಕಳಿಗೆ 20–25ರ ಪ್ರಾಯದಿಂದಲೇ (ಎಂಎಸ್‌ಎಚ್6, ಪಿಎಂಎಸ್2 ದೋಷವಾದರೆ ಸ್ವಲ್ಪ ತಡವಾಗಿ) ಕೊಲೊನೊಸ್ಕೋಪಿ, ಅಂದರೆ ಕೊಳವೆ ಕ್ಯಾಮರಾದಲ್ಲಿ ಕರುಳು ನೋಡುವುದನ್ನು ಶುರುಮಾಡಬೇಕು. ಎಂಎಲ್‌ಎಚ್1 ಕಾಣೆಯಾಗಿ ಗಡ್ಡೆಯ ಬಿಆರ್‌ಎಎಫ್ ಎಂಬ ಜೀನಿನಲ್ಲಿ ವಿ600ಇ ಎಂಬ ಬದಲಾವಣೆ ಸಿಕ್ಕಿದರೆ ಸಾಮಾನ್ಯವಾಗಿ ಅದು ವಂಶದ್ದಲ್ಲ, ಮಕ್ಕಳು ಹೆದರಬೇಕಾಗಿಲ್ಲ.

ಖರ್ಚು ಕೆಲವು ಸಾವಿರ ರೂಪಾಯಿ. ಸ್ಯಾಂಪಲ್ ಎಂದರೆ ಗಡ್ಡೆಯ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್, ಮಳೆಗೂ ಬಸ್ಸಿಗೂ ಜಗ್ಗುವುದಿಲ್ಲ. ಮಂಗಳೂರಿನಲ್ಲೇ ಆಗುತ್ತದೆ. ರಿಪೋರ್ಟಿನಲ್ಲಿ ಇದು ಇಲ್ಲದಿದ್ದರೆ ಮೊದಲು ಇದನ್ನು ಕೇಳಿ ಮಾಡಿಸಿ, ಉಳಿದ ಮಾತು ಆಮೇಲೆ.

ಸಿಇಎ: ಹಳೆಯದು, ಅಗ್ಗದ್ದು, ಹಟಮಾರಿ

ಸಿಇಎ ಎಂದರೆ ಕೆಲವು ಗಡ್ಡೆಗಳು ರಕ್ತಕ್ಕೆ ಬಿಡುವ ಒಂದು ಪ್ರೋಟೀನು. 1965ರಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮುಯೆಲ್ ಫ್ರೀಡ್‌ಮನ್ ಎಂಬವರು ಕಂಡುಹಿಡಿದದ್ದು. ಅರುವತ್ತು ವರ್ಷವಾದರೂ ಇದನ್ನು ಬದಿಗೆ ಸರಿಸುವ ರಕ್ತಪರೀಕ್ಷೆ ಬಂದಿಲ್ಲ. ಕೆಲವು ನೂರು ರೂಪಾಯಿ, ಕಾಸರಗೋಡು ಜಿಲ್ಲೆಯೊಳಗೇ ಆಗುತ್ತದೆ, ಸಂಜೆಗೆ ರಿಪೋರ್ಟು.

ಇದು ಕೀಮೋ ಬೇಕೋ ಎಂದು ಹೇಳಲಿಕ್ಕಿಂತ ಹೆಚ್ಚಾಗಿ ಕಾವಲು ಕಾಯಲಿಕ್ಕೆ. ಆಪರೇಷನ್ನಿಗೆ ಮೊದಲು ಒಂದು ಸಲ, ಮುಗಿದ ಮೇಲೆ ಎರಡು ವರ್ಷದವರೆಗೆ ಮೂರರಿಂದ ಆರು ತಿಂಗಳಿಗೊಮ್ಮೆ, ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ. ಜೊತೆಗೆ ಸಿಟಿ ಸ್ಕ್ಯಾನು, ಆಪರೇಷನ್ ಆಗಿ ಒಂದು ವರ್ಷ ತುಂಬುವಾಗ ಕೊಲೊನೊಸ್ಕೋಪಿ. ಸಾಮಾನ್ಯ ಮಿತಿ ಒಂದು ಮಿಲಿಲೀಟರಿಗೆ 5 ನ್ಯಾನೋಗ್ರಾಂ. ಬೀಡಿ ಸಿಗರೇಟು ಸೇದುವವರಿಗೆ ಸುಮ್ಮನೆಯೂ ಸ್ವಲ್ಪ ಏರಿರುತ್ತದೆ. ಎಲ್ಲ ಗಡ್ಡೆಗಳೂ ಸಿಇಎ ಹೊರಬಿಡುವುದಿಲ್ಲ, ಹಾಗಾಗಿ ನಾರ್ಮಲ್ ಬಂದಿತೆಂದು ಸ್ಕ್ಯಾನು ತಪ್ಪಿಸಬೇಡಿ.

ಕೌಂಟರಿನಲ್ಲಿ ದಿನವೂ ಹೇಳಿ ಹೇಳಿ ಬಾಯಿ ನೋವು ಬಂದ ಮಾತು ಒಂದುಂಟು: ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಮೆಷಿನ್ನು ಬೇರೆಯಾದರೆ ಅಂಕಿಯೂ ಬೇರೆಯಾಗುತ್ತದೆ. ಒಂದು ಕಡೆ 2.8, ಇನ್ನೊಂದು ಕಡೆ 4.1 ಎಂದು ಬಂದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ನಿಜವಾಗಿ ಏನೂ ಆಗಿರುವುದಿಲ್ಲ. ಒಂದೇ ಅಂಕಿಯನ್ನು ನೋಡಿ ಹೆದರಬೇಡಿ, ಸಾಲಾಗಿ ಬರೆದಿಟ್ಟು ಏರುತ್ತಾ ಹೋಗುತ್ತಿದೆಯೋ ಎಂದು ನೋಡಿ.

ಆ ಲ್ಯಾಬು ಗಡಿಯ ಈಚೆ ಇದ್ದರೆ ಒಳ್ಳೆಯದು. ಕೊರೊನಾ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ಕೇರಳ–ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಬಂದ್ ಆದಾಗ ಮಂಗಳೂರನ್ನೇ ನಂಬಿದ್ದ ನಮ್ಮ ರೋಗಿಗಳ ಪಾಡು ಏನಾಯಿತೆಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಮೈಕ್ರೋ ಆರ್‌ಎನ್‌ಎ: ಈಗ ನಿಮ್ಮ ಪ್ರಶ್ನೆಗೆ

ಜೀನು ಕಳಿಸಿದ ಆಜ್ಞೆಯ ಕಾಗದವನ್ನು ಕಣ ಓದಿ ಪ್ರೋಟೀನು ಕಟ್ಟುತ್ತದೆ. ಓದುವ ಮೊದಲೇ ಆ ಕಾಗದಕ್ಕೆ ಅಂಟಿಕೊಂಡು ಅದನ್ನು ಹರಿದುಹಾಕುವ ಅಥವಾ ಓದದಂತೆ ಮಾಡುವ ಸಣ್ಣ ತುಂಡುಗಳೇ ಮೈಕ್ರೋ ಆರ್‌ಎನ್‌ಎ. ಉದ್ದ ಸುಮಾರು 22 ಅಕ್ಷರ ಮಾತ್ರ. 1993ರಲ್ಲಿ ಒಂದು ಮಿಲಿಮೀಟರಿನ ಹುಳುವಿನಲ್ಲಿ ಮೊದಲು ಕಂಡದ್ದು. ಅದಕ್ಕಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್‌ಗೆ 2024ರಲ್ಲಿ ನೊಬೆಲ್ ಬಂತು. ಈ ನೊಬೆಲ್ ಸುದ್ದಿಯ ನಂತರವೇ ನಮ್ಮ ಕೌಂಟರಿಗೆ ಪ್ರಶ್ನೆ ಬರಲು ಶುರುವಾದದ್ದು ಎಂದು ನನ್ನ ಗುಮಾನಿ.

ವಿಜ್ಞಾನದಲ್ಲಿ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. ತುಂಬಾ ಉಂಟು. ಒಂದೊಂದು ಮೈಕ್ರೋ ಆರ್‌ಎನ್‌ಎಗೂ ‘ಮಿರ್’ ಎಂದು ಶುರುವಾಗುವ ಒಂದು ನಂಬರು ಉಂಟು. ಕರುಳಿನ ಗಡ್ಡೆಯಲ್ಲಿ ಮಿರ್-143 ಮತ್ತು ಮಿರ್-145 ಕಡಿಮೆಯಾಗಿರುತ್ತವೆ ಎಂದು 2003ರಲ್ಲೇ ಬಂತು. ಇವು ಬ್ರೇಕಿನ ಹಾಗೆ ಕೆಲಸ ಮಾಡುವಂಥವು. ಮಿರ್-21 ತದ್ವಿರುದ್ಧ. ಅದು ಪಿಟೆನ್, ಪಿಡಿಸಿಡಿ4 ಎಂಬ ಬ್ರೇಕುಗಳ ಕಾಗದವನ್ನೇ ಹರಿದುಹಾಕುತ್ತದೆ, ಗಡ್ಡೆಗೆ ಬೆಳೆಯಲು ದಾರಿ. 2008ರಲ್ಲಿ ಅಮೆರಿಕದ ಮೇರಿಲ್ಯಾಂಡಿನ 84 ರೋಗಿಗಳಲ್ಲಿ ನೋಡಿ, ಮತ್ತೆ ಹಾಂಗ್‌ಕಾಂಗಿನ 113 ರೋಗಿಗಳಲ್ಲಿ ತಾಳೆ ಹಾಕಿದಾಗ, ಗಡ್ಡೆಯಲ್ಲಿ ಮಿರ್-21 ಜಾಸ್ತಿ ಇದ್ದವರು ಕಡಿಮೆ ಕಾಲ ಬದುಕಿದ್ದು ಕಂಡಿತು. 2013ರಲ್ಲಿ ಚೀನಾದ ತಂಡವೊಂದು ಎರಡನೇ ಸ್ಟೇಜಿನವರಿಗೆಂದೇ ಆರು ಮೈಕ್ರೋ ಆರ್‌ಎನ್‌ಎಗಳ ಒಂದು ಗುಂಪು ಕಟ್ಟಿತು, ಅದರಲ್ಲೂ ಮಿರ್-21 ಉಂಟು. ಆರನ್ನೂ ಸೇರಿಸಿ ಲೆಕ್ಕ ಹಾಕಿದರೆ ಮರುಕಳಿಸುವವರು ಯಾರು, ಇಲ್ಲದವರು ಯಾರು ಎಂದು ಎರಡು ಗುಂಪು ಬೇರೆಯಾಗುತ್ತಿತ್ತು. ಭಾವನ ಮಗ ನನಗೆ ತೋರಿಸಿದ್ದು ಇದನ್ನೇ. ‘ಚಿಕ್ಕಮ್ಮ, ಇದು ನಮಗೆಂದೇ ಬರೆದ ಹಾಗುಂಟು!’

ಹಾಗಾದರೆ ಯಾಕೆ ಬೇಡ?

ಅಡಿಕೆ ಮಂಡಿಯಲ್ಲಿ ಗೋಣಿ ಬಿಚ್ಚಿದಾಗ ಒಂದು ಅಡಿಕೆ ಒಡೆದು ನೋಡಿ ಯಾರೂ ದರ ಹೇಳುವುದಿಲ್ಲ. ಚಾಲಿ ಎಷ್ಟು, ಪಟೋರ ಎಷ್ಟು, ಕರಿಗೋಟು ಎಷ್ಟು ಎಂದು ಗೋರಿ ನೋಡುತ್ತಾರೆ. ಮೈಕ್ರೋ ಆರ್‌ಎನ್‌ಎಯಲ್ಲೂ ಒಂದನ್ನು ಬಿಟ್ಟು ಗುಂಪು ನೋಡುವುದು ಸರಿಯೇ. ತೊಂದರೆ ಇರುವುದು ಒಬ್ಬೊಬ್ಬರ ಗುಂಪು ಒಂದೊಂದು ಎಂಬಲ್ಲಿ. ಒಂದು ತಂಡ ಮಿರ್-21 ಎಂದರೆ ಇನ್ನೊಂದು ಮಿರ್-31, ಮತ್ತೊಂದು ಮಿರ್-200ರ ಬಳಗ. ಹೆಚ್ಚು–ಕಡಿಮೆ ಎಂದು ಹೇಳುವ ಗೆರೆಯನ್ನೂ ಒಬ್ಬೊಬ್ಬರು ಒಂದೊಂದು ಕಡೆ ಎಳೆದಿದ್ದಾರೆ. ಯಾವುದಕ್ಕೆ ಹೋಲಿಸಿ ಅಳೆಯಬೇಕು ಎಂಬುದಕ್ಕೂ ಒಮ್ಮತ ಇಲ್ಲ. ಮಂಡಿಗೊಂದು ಸೇರು ಇಟ್ಟುಕೊಂಡ ಹಾಗೆ.

ಮಿರ್-21ರದ್ದೇ ಇನ್ನೊಂದು ಕತೆ. ಅದು ಹೆಚ್ಚಾಗಿ ಕಾಣುವುದು ಕ್ಯಾನ್ಸರ್ ಕಣದಲ್ಲಲ್ಲ, ಅದರ ಸುತ್ತ ಕಟ್ಟಿಕೊಂಡ ನಾರಿನ ಅಂಗಾಂಶದಲ್ಲಿ. ಹಾಗಾದರೆ ಬ್ಲಾಕಿನ ಯಾವ ಮೂಲೆಯಿಂದ ಚೂರು ಕತ್ತರಿಸಿದರು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ನಾರು ಜಾಸ್ತಿ ಬಂದರೆ ಮಿರ್-21 ಜಾಸ್ತಿ. ಜೊತೆಗೆ ಅದು ಕರುಳಿಗೆ ಮಾತ್ರ ಸೇರಿದ್ದೂ ಅಲ್ಲ, ಬೇರೆ ಕ್ಯಾನ್ಸರಿನಲ್ಲೂ ಬಾವು–ಉರಿಯೂತದಲ್ಲೂ ಏರುತ್ತದೆ.

ಬ್ಲಾಕು ಬಿಟ್ಟು ರಕ್ತದಲ್ಲಿ ನೋಡುವುದಾದರೆ? ಇದು ನನ್ನ ಕ್ಷೇತ್ರ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕೆಂಪು ಕೆಳಗೆ ಕೂತು ಮೇಲೆ ತಿಳಿ ಹಳದಿ ಪ್ಲಾಸ್ಮಾ ನಿಲ್ಲಬೇಕು. ಸಪೂರ ಸೂಜಿ, ಜೋರಾಗಿ ಎಳೆದ ಸಿರಿಂಜು, ಗುಂಡಿ ಬಿದ್ದ ರಸ್ತೆಯಲ್ಲಿ ಎರಡು ಗಂಟೆ ಕುಲುಕಿದ ಟ್ಯೂಬು, ಇವುಗಳಲ್ಲಿ ಒಂದಾದರೂ ಸಾಕು, ಕೆಂಪು ಕಣ ಒಡೆದು ಪ್ಲಾಸ್ಮಾ ಪುನರ್ಪುಳಿ ಶರಬತ್ತಿನ ಬಣ್ಣಕ್ಕೆ ತಿರುಗುತ್ತದೆ. ಕೆಂಪು ಕಣದೊಳಗೆ ಮಿರ್-451, ಮಿರ್-16, ಮಿರ್-92ಎ ರಾಶಿ ಬಿದ್ದಿವೆ. ಒಡೆದಾಗ ಎಲ್ಲ ಪ್ಲಾಸ್ಮಾಕ್ಕೆ ಸುರಿಯುತ್ತವೆ. ಇವುಗಳಲ್ಲಿ ಮಿರ್-92ಎಯನ್ನು ಕರುಳಿನ ಕ್ಯಾನ್ಸರಿನ ಗುರುತೆಂದೂ, ಮಿರ್-16ನ್ನು ಹೋಲಿಕೆಯ ಅಳತೆಯೆಂದೂ ಬಳಸಿದವರಿದ್ದಾರೆ. ಅಂದರೆ ನಾನು ಸೂಜಿ ಚುಚ್ಚುವಾಗ ಮಾಡಿದ ಅವಸರ ರಿಪೋರ್ಟಿನಲ್ಲಿ ರೋಗವಾಗಿ ಕಾಣಬಹುದು. ಒಂದು ಮೇ ತಿಂಗಳಲ್ಲಿ, ಸಂಶೋಧನೆಗೆಂದು ಒಬ್ಬರು ಕೇಳಿದ್ದ ಆರು ಟ್ಯೂಬಿನಲ್ಲಿ ನಾಲ್ಕು ಹೀಗೆ ಶರಬತ್ತಾಗಿ ತಲುಪಿದವು. ಕಳಿಸಿದ್ದು ನಾನೇ. ಬಾಕ್ಸಿನ ಐಸು ಕರಗಿ ಟ್ಯೂಬುಗಳು ಒಂದಕ್ಕೊಂದು ಬಡಿದುಕೊಂಡು ಹೋಗಿದ್ದವು. ಸಿಇಎಗಾದರೆ ಇಷ್ಟು ನಾಜೂಕು ಬೇಡ.

ಇನ್ನು ಮೊದಲ ಅಳತೆಗೆ ಬನ್ನಿ. ಮಿರ್-21 ಜಾಸ್ತಿ ಎಂದು ಬಂತು, ಆಮೇಲೆ? ಅದನ್ನು ನೋಡಿ ಕೀಮೋ ಕೊಟ್ಟ ಗುಂಪು, ನೋಡದೆ ಕೊಟ್ಟ ಗುಂಪು ಎಂದು ಚೀಟಿ ಎತ್ತಿ ವಿಂಗಡಿಸಿ ತಾಳೆ ಹಾಕಿ ಗೆದ್ದ ದೊಡ್ಡ ಪ್ರಯೋಗ ಇಲ್ಲ. ಚೀನಾದ ಆರರ ಗುಂಪಿನಲ್ಲಿ ಹೆಚ್ಚು ಅಪಾಯದವರಿಗೆ ಕೀಮೋ ಫಲಿಸಿದಂತೆ ಕಂಡಿತ್ತು ನಿಜ, ಆದರೆ ಅದು ಆಗಿಹೋದ ಮೇಲೆ ಹಿಂತಿರುಗಿ ಹಾಕಿದ ಲೆಕ್ಕ. ಅದಕ್ಕೇ ಕ್ಯಾನ್ಸರ್ ಡಾಕ್ಟರುಗಳು ಅನುಸರಿಸುವ ಅಮೆರಿಕ–ಯುರೋಪಿನ ಮಾರ್ಗಸೂಚಿಗಳಲ್ಲಿ ಇದನ್ನು ನೋಡಿ ಚಿಕಿತ್ಸೆ ನಿರ್ಧರಿಸಿ ಎಂಬ ಸಲಹೆ ಬಂದಿಲ್ಲ. ಸೊಗಸಾದ ರಿಪೋರ್ಟು ತಂದು ಮೇಜಿನ ಮೇಲಿಟ್ಟರೂ ಡಾಕ್ಟ್ರು ‘ಹೌದಾ’ ಎಂದು ಬದಿಗಿಡುತ್ತಾರೆ.

ಇಷ್ಟೆಲ್ಲ ಬೈದ ಮೇಲೆ ಅದರ ಒಂದು ದೊಡ್ಡ ಗುಣ ಹೇಳಬೇಕು. ತುಂಡು ಸಣ್ಣದಾದ್ದರಿಂದ ಬೇಗ ಹಾಳಾಗುವುದಿಲ್ಲ. ಉದ್ದನೆಯ ಆರ್‌ಎನ್‌ಎ ಫಾರ್ಮಲಿನ್ನಿನಲ್ಲಿ ಚೂರುಚೂರಾಗುತ್ತದೆ, ಇದು ಮೇಣದ ಬ್ಲಾಕಿನೊಳಗೆ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಇಂದು ಮಾಡಿಸದಿದ್ದರೆ ಅವಕಾಶ ತಪ್ಪಿಹೋಗುವುದಿಲ್ಲ. ಇನ್ನು ಐದು ವರ್ಷಕ್ಕೆ ಇದು ಗಟ್ಟಿಯಾಗಿ ನಿಂತರೆ ಅದೇ ಬ್ಲಾಕಿನಿಂದ ಮಾಡಿಸಬಹುದು.

ಸಿಟಿಡಿಎನ್‌ಎ: ದುಡ್ಡಿದ್ದರೆ ಯೋಚಿಸಬಹುದಾದ್ದು

ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಚೂರು ಹುಡುಕುವುದು. ಆಪರೇಷನ್ ಆಗಿ ಕೆಲವು ವಾರ ಕಳೆದ ಮೇಲೂ ಸಿಕ್ಕಿದರೆ, ಎಲ್ಲೋ ಬೇರು ಉಳಿದಿದೆ ಎಂದರ್ಥ. ಇದು ಮೈಕ್ರೋ ಆರ್‌ಎನ್‌ಎಗಿಂತ ಒಂದು ಮೆಟ್ಟಿಲು ಮೇಲೆ ನಿಂತಿದೆ, ಯಾಕೆಂದರೆ ಚೀಟಿ ಎತ್ತಿ ಮಾಡಿದ ಪ್ರಯೋಗ ಇದಕ್ಕುಂಟು. ಆಸ್ಟ್ರೇಲಿಯಾದ ಡೈನಮಿಕ್ ಪ್ರಯೋಗ, 2022. ಎರಡನೇ ಸ್ಟೇಜಿನ 455 ಮಂದಿ. ಮಾಮೂಲಿ ರೀತಿಯಲ್ಲಿ ನಿರ್ಧರಿಸಿದಾಗ ಶೇಕಡಾ 28 ಮಂದಿಗೆ ಕೀಮೋ ಹೋಯಿತು, ಈ ಟೆಸ್ಟು ನೋಡಿ ಕೊಟ್ಟಾಗ ಶೇಕಡಾ 15. ಎರಡು ವರ್ಷಕ್ಕೆ ರೋಗ ಮರಳದೆ ಇದ್ದವರು ಎರಡೂ ಕಡೆ ಹೆಚ್ಚುಕಡಿಮೆ ಸಮ: ಟೆಸ್ಟಿನ ಗುಂಪಿನಲ್ಲಿ ಶೇಕಡಾ 93.5, ಮಾಮೂಲಿ ಗುಂಪಿನಲ್ಲಿ 92.4. ಕೀಮೋ ಪಡೆದವರ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ನಷ್ಟ ಏನೂ ಕಾಣಲಿಲ್ಲ.

ಹಾಗೆಂದು ಇದೂ ಪೂರ್ತಿ ಪಳಗಿಲ್ಲ. ಅಮೆರಿಕದ ಕೋಬ್ರಾ ಪ್ರಯೋಗದಲ್ಲಿ, ಪಾಸಿಟಿವ್ ಬಂದವರಿಗೆ ಕೀಮೋ ಕೊಟ್ಟದ್ದರಿಂದ ಆ ಡಿಎನ್‌ಎ ರಕ್ತದಿಂದ ಹೆಚ್ಚು ಮಾಯವಾದದ್ದು ಕಾಣಲಿಲ್ಲ, ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು. ನೋಡಿದವರ ಸಂಖ್ಯೆ ಸಣ್ಣದೇ ಇರಬಹುದು, ಆದರೆ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸ್ಯಾಂಪಲಿಗೆ ಬೇರೆಯೇ ಟ್ಯೂಬು ಬೇಕು, ಗಡ್ಡೆಯ ಚೂರನ್ನೂ ಕಳಿಸಬೇಕಾಗುತ್ತದೆ. ಮೊದಲ ಸಲದ ತಯಾರಿಗೆ ವಾರಗಳು ಹಿಡಿಯುತ್ತವೆ, ಹಾಗಾಗಿ ಆಪರೇಷನ್ ಆದ ಮೇಲಿನ ಮೊದಲ ಹದಿನೈದು ದಿನದಲ್ಲೇ ಮಾತಾಡಬೇಕು. ದುಡ್ಡು ಹತ್ತಾರು ಸಾವಿರದಿಂದ ಲಕ್ಷ ದಾಟುವವರೆಗೂ ಉಂಟು, ಅದೂ ಒಂದು ಸಲದ್ದಲ್ಲ.

12 ಜೀನು ನೋಡುವ ಆಂಕೋಟೈಪ್, ಗಡ್ಡೆಯೊಳಗಿನ ರಕ್ಷಣಾ ಕಣ ಎಣಿಸುವ ಇಮ್ಯುನೋಸ್ಕೋರ್ ಎಂಬವೂ ಇವೆ. ಎರಡೂ ಮಹಾಳಿ ಬರುತ್ತದೋ ಎಂದು ಹೇಳುವುದರಲ್ಲಿ ಗಟ್ಟಿ, ಮದ್ದಿನ ಮಾತಿನಲ್ಲಿ ಸಡಿಲ. ನಮ್ಮ ಕಡೆಯಿಂದ ವಿದೇಶಕ್ಕೆ ಬ್ಲಾಕು ಕಳಿಸಿ ಅಷ್ಟು ದುಡ್ಡು ಸುರಿಯಲು ನಾನು ಯಾರಿಗೂ ಹೇಳುವುದಿಲ್ಲ.

ಯಾರಿಗೆ ಯಾವುದು

ಮೊದಲನೇ ಸ್ಟೇಜಿನವರು ಸಿಇಎ, ಎಂಎಂಆರ್ ಬಿಟ್ಟು ಯಾವುದಕ್ಕೂ ಕಿಸೆಗೆ ಕೈ ಹಾಕಬೇಡಿ.

ಮೂರನೇ ಸ್ಟೇಜಿನವರಿಗೆ ಹೇಗೂ ಕೀಮೋ ಕೊಡುತ್ತಾರೆ. ‘ಅಪಾಯ ಎಷ್ಟು’ ಎಂಬ ಟೆಸ್ಟಿಗಿಂತ ‘ಮೂರು ತಿಂಗಳೋ ಆರು ತಿಂಗಳೋ’ ಎಂಬ ಪ್ರಶ್ನೆ ಅವರಿಗೆ ಬೆಲೆಬಾಳುವಂಥದ್ದು. 2018ರ ಐಡಿಯಾ ಎಂಬ ಲೆಕ್ಕಾಚಾರದಿಂದ, ಟಿ4 ಅಲ್ಲದ, ಒಂದರಿಂದ ಮೂರು ನೋಡ್ ಮಾತ್ರ ಹಿಡಿದವರಿಗೆ ಕೆಪಾಕ್ಸ್ ಮದ್ದು (ಕೆಪೆಸಿಟಾಬಿನ್ ಮತ್ತು ಆಕ್ಸಾಲಿಪ್ಲಾಟಿನ್ ಸೇರಿದ ಕೀಮೋ) ಮೂರು ತಿಂಗಳಿಗೇ ಹೆಚ್ಚುಕಡಿಮೆ ಸಾಕು ಎಂದು ತಿಳಿಯಿತು. ಇದನ್ನು ಕೇಳಲು ನಯಾಪೈಸೆ ಖರ್ಚಿಲ್ಲ. ಆಕ್ಸಾಲಿಪ್ಲಾಟಿನ್ ಕೈಕಾಲಿನ ತುದಿಯಲ್ಲಿ ಜುಮುಜುಮು ತರುತ್ತದೆ, ಬಾವಿಯ ತಣ್ಣೀರು ಮುಟ್ಟಿದರೆ ಮುಳ್ಳು ಚುಚ್ಚಿದ ಹಾಗಾಗುತ್ತದೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಅಡಿಕೆ ಸುಲಿಯುವವರಿಗೆ, ಬೀಡಿ ಕಟ್ಟುವವರಿಗೆ, ಹೊಲಿಗೆಯವರಿಗೆ ಬೆರಳೇ ಅನ್ನ. ಮೂರು ತಿಂಗಳು ಕಡಿಮೆಯಾದರೆ ಬೆರಳು ಉಳಿಯಿತು.

ನಾಲ್ಕನೇ ಸ್ಟೇಜಿನವರು ಕೆಆರ್‌ಎಎಸ್, ಎನ್‌ಆರ್‌ಎಎಸ್, ಬಿಆರ್‌ಎಎಫ್ ಎಂಬ ಜೀನುಗಳ ಟೆಸ್ಟು, ಎಂಎಂಆರ್, ಇವಿಷ್ಟನ್ನು ಬಿಡಬೇಡಿ. ಸುಮಾರು 100ಕ್ಕೆ 40 ಮಂದಿಯಲ್ಲಿ ಕೆಆರ್‌ಎಎಸ್ ಬದಲಾಗಿರುತ್ತದೆ, ಅಂಥವರಿಗೆ ಸೆಟುಕ್ಸಿಮಾಬ್ ಎಂಬ ದುಬಾರಿ ಮದ್ದು ನಾಟುವುದಿಲ್ಲ. ಮಿರ್-31-3ಪಿ ಕಡಿಮೆ ಇದ್ದವರಿಗೆ ಆ ಮದ್ದು ಹೆಚ್ಚು ಒಪ್ಪುತ್ತದೆ ಎಂಬ ಅಧ್ಯಯನ ಉಂಟು, ಆಸಕ್ತಿಯ ಸಂಗತಿಯೇ, ಆದರೆ ಕೆಆರ್‌ಎಎಸ್‌ನ ಜಾಗಕ್ಕೆ ಅದು ಬಂದಿಲ್ಲ.

ಪ್ರಾಯ 50ರೊಳಗೆ, ಅಥವಾ ಮನೆಯಲ್ಲಿ ಇನ್ನೊಬ್ಬರಿಗೆ ಕರುಳಿನದೋ ಗರ್ಭಕೋಶದ್ದೋ ಕ್ಯಾನ್ಸರ್ ಆಗಿದ್ದರೆ ಎಂಎಂಆರ್ ನಿಮಗಾಗಿ ಅಲ್ಲದಿದ್ದರೂ ಮಕ್ಕಳಿಗಾಗಿ.

ಇನ್ನು ನಡುವೆ ಸಿಕ್ಕಿಕೊಂಡ ಎರಡನೇ ಸ್ಟೇಜಿನವರು. ದುಡ್ಡು ಬಿಗಿಯಾಗಿದ್ದರೆ: ನೋಡ್ ಎಣಿಕೆ, ಎಂಎಂಆರ್, ಸಿಇಎ, ಆ ಕ್ರಮದಲ್ಲಿ. ಇಷ್ಟರಲ್ಲೇ ಹೆಚ್ಚಿನವರ ಗೊಂದಲ ತೀರುತ್ತದೆ. ಎಂಎಂಆರ್ ನಾಲ್ಕೂ ಇದ್ದು, ಕೆಟ್ಟ ಲಕ್ಷಣ ಒಂದೇ ಒಂದು ಇದ್ದು, ಡಾಕ್ಟರಿಗೂ ನಿಮಗೂ ಮನಸ್ಸು ಡೋಲಾಯಮಾನವಾಗಿದ್ದರೆ, ಮನೆಯಲ್ಲಿ ದುಡ್ಡೂ ಇದ್ದರೆ, ಸಿಟಿಡಿಎನ್‌ಎ. ಸಾಲ ಮಾಡಿ ಬೇಡ. ಮೈಕ್ರೋ ಆರ್‌ಎನ್‌ಎ ಟೆಸ್ಟು ದುಡ್ಡು ಕೊಟ್ಟು ಬೇಡವೇ ಬೇಡ. ಯಾವುದಾದರೂ ಆಸ್ಪತ್ರೆ ಅಥವಾ ಕಾಲೇಜು ಸಂಶೋಧನೆಗೆಂದು ಬ್ಲಾಕಿನ ಚೂರು ಕೇಳಿದರೆ ಧಾರಾಳ ಕೊಡಿ, ಒಪ್ಪಿಗೆ ಪತ್ರ ಓದಿ ಸಹಿ ಹಾಕಿ. ಅದರ ಉತ್ತರ ನಿಮ್ಮ ಚಿಕಿತ್ಸೆಗೆ ಸಿಗುತ್ತದೆ ಎಂದು ಮಾತ್ರ ಕಾಯಬೇಡಿ.

ಕಾರ್ಡಿನ ವಿಷಯ ಎರಡು ಮಾತು. ಕೇರಳದ ಕಾರುಣ್ಯ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು, ಆದರೆ ಅದು ಮುಖ್ಯವಾಗಿ ದಾಖಲಾಗಿ ಮಾಡುವ ಚಿಕಿತ್ಸೆಗೆ. ಮಂಗಳೂರಿನ ಆಸ್ಪತ್ರೆಯಲ್ಲಿ ನಮ್ಮ ಕಾರ್ಡ್ ನಡೆಯುತ್ತದೋ ಎಂದು ಅಡ್ಮಿಟ್ ಆಗುವ ಮೊದಲು ಕೇಳಿ, ಆದ ಮೇಲಲ್ಲ. ಎರಡನೇ ಅಭಿಪ್ರಾಯಕ್ಕೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಹತ್ತಿರ. ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರಿಗಾದರೆ (ಆರ್‌ಸಿಸಿ) ಸಂಜೆ ಮಾವೇಲಿ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿ. ಎಲ್ಲಿಗೆ ಹೋದರೂ ಬ್ಲಾಕು ಮತ್ತು ಸ್ಲೈಡು ಜೊತೆಗಿರಲಿ. ಬರೀ ರಿಪೋರ್ಟು ಹಿಡಿದು ಹೋದರೆ ‘ಬ್ಲಾಕ್ ತನ್ನಿ’ ಎಂದು ಹಿಂದೆ ಕಳಿಸುತ್ತಾರೆ. ಆಸ್ಪತ್ರೆಗೆ ಒಂದು ಅರ್ಜಿ ಬರೆದು ಕೊಟ್ಟರೆ ಬ್ಲಾಕು ಸಿಗುತ್ತದೆ.

ಭಾವನಿಗೆ ಕೀಮೋ ಕೊಡಲಿಲ್ಲ. ನೋಡ್ 14, ಎಂಎಂಆರ್‌ನಲ್ಲಿ ಎಂಎಲ್‌ಎಚ್1 ಮತ್ತು ಪಿಎಂಎಸ್2 ಕಾಣೆ, ಬಿಆರ್‌ಎಎಫ್ ಪಾಸಿಟಿವ್. ಡಾಕ್ಟ್ರು ಐದೇ ನಿಮಿಷದಲ್ಲಿ ಫೈಲು ಮುಚ್ಚಿದರು. ಬ್ಲಾಕು ಅಕ್ಕನ ಕಪಾಟಿನಲ್ಲಿ ಜಾಗದ ದಾಖಲೆ, ರೇಷನ್ ಕಾರ್ಡಿನ ಜೊತೆ ಇದೆ. ಮೊದಲ ಬೇಸಿಗೆಯಲ್ಲಿ ಅವಳು ಅದನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟು ದೇವಸ್ಥಾನಕ್ಕೆ ಹೋಗಿದ್ದಳು, ಬಂದು ನೋಡುವಾಗ ಮೇಣದ ಅಂಚು ಮೆತ್ತಗಾಗಿತ್ತು. ಈಗ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿದ್ದಾಳೆ. ಮುಂದಿನ ಸಿಇಎ ದೀಪಾವಳಿ ಕಳೆದ ಸೋಮವಾರ, ನಮ್ಮ ಲ್ಯಾಬಿನಲ್ಲೇ. ಬೀಡಿ ಬಿಟ್ಟಿದ್ದೇನೆ ಎಂದು ಭಾವ ಹೇಳುತ್ತಾರೆ. ಅಂಕಿ 3ರಿಂದ ಕೆಳಗೆ ಬಂದರೆ ನಂಬುತ್ತೇನೆ.